ನಕಲಿನ ಕೂಲಿ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯೆಂಬ ಗ್ರಾಮದ ಹೆಸರನ್ನು ಶ್ರೋತೃಗಳಲ್ಲಿ ಅನೇಕರು ಕೇಳಿರಲಾರರು. 1997ರವರೆಗೆ ಅದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ಆಮೇಲೆ ದಾವಣಗೆರೆ ಜಿಲ್ಲೆಗೆ ಸೇರಿತು. ಆ ಗ್ರಾಮದ ರೈತನೊಬ್ಬನಿಗೆ ತನ್ನ ಹೊಲದ ಪಹಣಿಯ ನಕಲು ಬೇಕಾಯಿತೆಂದು ಇಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ ಸಾಲವೆತ್ತುವುದಕ್ಕೂ, ದಾಯಾದಿಯ ಮೇಲೆ ದಾವಾ ಹೂಡುವುದಕ್ಕೂ ಅದಿಲ್ಲದೆ ಕೆಲಸ ಸಾಗದು. ಬೇಕಾದದ್ದು ಒಂದೇ ಹಾಳೆ ಕಾಗದ. ನೋಡಿ ಬರೆಯುವುದಕ್ಕೆ ಹಿಡಿಯುವ ಕಾಲವೂ ಹೆಚ್ಚಲ್ಲ. ಇದಕ್ಕೆ ಅವನು ಎಷ್ಟು ಕೊಡಬೇಕು? ಯಾರಿಗೆ ಕೊಡಬೇಕು? ಕೊಟ್ಟುದು ಯಾವ ಪುಸ್ತಕದಲ್ಲಿ ಜಮೆಯಾಗುತ್ತದೆ? ಅಲ್ಪವಾಗಿ ಕಾಣುವ ಈ ಪ್ರಶ್ನೆಗಳಿಗೆ ದೊಡ್ಡದೊಂದು ಚರಿತ್ರೆಯುಂಟು.

ಪ್ರತಿ ಮಾಡುವವನಿಗೆ ಕೂಲಿ ಕೊಡಬೇಕಾದರೆ ಮೊದಲು ಅವನ ಕೆಲಸವನ್ನು ಅಳೆಯಬೇಕು. ನಮ್ಮ ಪೂರ್ವಿಕರು ಇದಕ್ಕೊಂದು ಅಂದವಾದ ಉಪಾಯವನ್ನು ಕಂಡುಕೊಂಡಿದ್ದರು. ಅನುಷ್ಟುಪ್ ಶ್ಲೋಕದಲ್ಲಿ ಮೂವತ್ತೆರಡು ಅಕ್ಷರಗಳಷ್ಟೆ. ಈ ಮೂವತ್ತೆರಡು ಅಕ್ಷರಗಳ ಮೊತ್ತಕ್ಕೆ ‘ಗ್ರಂಥ’ವೆಂದು ಹೆಸರು. ಬರೆಯುವುದು ಪದ್ಯವಾಗಲಿ ಗದ್ಯವಾಗಲಿ, ಇಷ್ಟು ಗ್ರಂಥವೆಂದು ಎಣಿಸಿ ಲಿಪಿಕಾರನಿಗೆ ಕೂಲಿ ಕೊಡುತ್ತಿದ್ದರು. ಓಲೆಯ ಕಟ್ಟುಗಳ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸಿರುವುದನ್ನು ಹಲವೆಡೆ ಕಾಣಬಹುದು. ಓಲೆ ಉದ್ದವಿರಲಿ ಗಿಡ್ಡವಿರಲಿ, ಅಕ್ಷರ ದಪ್ಪವಿರಲಿ ಸಣ್ಣದಿರಲಿ, ಎಣಿಕೆ ವ್ಯತ್ಯಾಸವಾಗದು. ಬರೆಯಿಸಿದವನೂ ಬರೆದವನೂ ಒಂದೇ ಲೆಕ್ಕವನ್ನು ನೋಡುತ್ತಿದ್ದರು.

ಗ್ರಾಮದ ಲೆಕ್ಕಪತ್ರದ ಸಂಗತಿ ಬೇರೆ. ಮೈಸೂರು ಸೀಮೆಯಲ್ಲಿ ಕಾಗದ ಹರಡುವುದಕ್ಕೆ ಮುಂಚೆ ಲೆಕ್ಕಗಳನ್ನು ಕಡತದಲ್ಲಿ ಬರೆಯುತ್ತಿದ್ದರು. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಕರ್ನಲ್ ವಿಲ್ಕ್ಸ್ ಎಂಬಾತನು ಇದನ್ನು ವರ್ಣಿಸಿದ್ದಾನೆ: ಹೆಚ್ಚೆಂದರೆ ಒಂದಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆ, ಅದರ ಎರಡು ಮೈಗೂ ಇದ್ದಲಿನ ಪುಡಿ ಬೆರೆಸಿದ ಅಂಟನ್ನು ಸವರಿ ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುವುದು. ಈ ಬರಹವನ್ನು ಬೇಕೆಂದಾಗ ಒರಸಿ ಹೊಸದಾಗಿ ಬರೆಯಬಹುದು. ಯಾರೂ ಕೈಯಿಕ್ಕದಿದ್ದರೆ ಬಹುಕಾಲ ನಿಲ್ಲುವುದೂ ಉಂಟು. ಆ ‘ಕೈಯಿಕ್ಕದಿದ್ದರೆ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ದಾಖಲೆಯನ್ನು ಕಾಪಾಡುವವನು ಶಾನುಭೋಗ. ಅದರಿಂದ ನಕಲನ್ನು ಇಳಿಸಿಕೊಡುವವನೂ ಅವನೇ. ಆ ನಕಲು ಮೂಲಕ್ಕೆ ಸರಿಯಾಗಿದೆಯೆಂದು ಹೇಳಬೇಕಾದವನೂ ಅವನೇ. ಅವನ ವಂಶಪಾರಂಪರ್ಯ ವೃತ್ತಿಗೆ ಇನಾಮು, ಪೋಟಗಿ ಮೊದಲಾದವು ಇದ್ದುವು. ನಕಲಿನ ಕೂಲಿ ಮಾತ್ರ ಬಾಯಿಮಾತಿನ ವ್ಯವಹಾರವಾಗಿ ಉಳಿಯುವುದಕ್ಕೆ ಅವಕಾಶವಿತ್ತು. ಶಾನುಭೋಗರೆಲ್ಲರೂ ವಂಚಕರೆಂದು ಹೇಳುವುದು ಅನ್ಯಾಯ. ಊರಿನ ನೆನಪನ್ನೇ ತಲೆಯಲ್ಲಿ ಹೊತ್ತು ನಡೆದ ಪ್ರಾಮಾಣಿಕರೂ ಅವರಲ್ಲಿ ಇದ್ದರು. ಆದರೆ ಎಣಿಸುವವನು ಒಬ್ಬನೇ ಆದ ಕಡೆ ಪ್ರಾಮಾಣಿಕನಿಗೂ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಸಾಧನವಿರುವುದಿಲ್ಲ.

ಹಾಗಾದರೆ ಅಳತೆಯೊಂದನ್ನು ಗೊತ್ತುಮಾಡಿದರೆ ಸಾಕೇ? ಸಾಲದೆಂಬುದಕ್ಕೆ ಇಂಗ್ಲೆಂಡು ದೃಷ್ಟಾಂತ. ನಮ್ಮ ನ್ಯಾಯಸ್ಥಾನಗಳ ಬರವಣಿಗೆಯ ಕ್ರಮ ಬಹುಮಟ್ಟಿಗೆ ಆ ದೇಶದಿಂದ ಬಂದದ್ದಾದುದರಿಂದ ಅಲ್ಲಿಗೆ ಒಮ್ಮೆ ಹೋಗಿಬರುವುದು ವ್ಯರ್ಥವಲ್ಲ. ಅಲ್ಲಿ ದಾವಾಪತ್ರಗಳನ್ನು ‘ಫೋಲಿಯೊ’ ಎಂಬ ಮಾನದಿಂದ ಅಳೆಯುತ್ತಿದ್ದರು. ಒಂದು ಫೋಲಿಯೊವಿಗೆ ಸಾಮಾನ್ಯ ನ್ಯಾಯಾಲಯಗಳಲ್ಲಿ 72 ಪದ, ಛಾನ್ಸರಿ ನ್ಯಾಯಾಲಯದಲ್ಲಿ 90 ಪದ. ಪದಕ್ಕೆ ಬೆಲೆಯಾದ ಮೇಲೆ ಪದಗಳು ಬೆಳೆಯತೊಡಗಿದುವು. ಎದುರಾಳಿಯು ಪತ್ರದ ಪ್ರತಿಯನ್ನು ಹಣ ತೆತ್ತು ಪಡೆಯಬೇಕಾದ್ದರಿಂದ, ಪತ್ರ ಉದ್ದವಾದಷ್ಟೂ ಅವನ ಚೀಲ ಹಗುರ. 1596ರಲ್ಲಿ ಮಿಲ್‌ವರ್ಡ್ ಎಂಬವರ ವ್ಯಾಜ್ಯದಲ್ಲಿ ವಾದಿಯ ಮಗನು 16 ಹಾಳೆಗಳಲ್ಲಿ ಮುಗಿಯಬಹುದಾಗಿದ್ದ ಉತ್ತರವನ್ನು 120 ಹಾಳೆಗಳಿಗೆ ಹಿಗ್ಗಿಸಿದನು. ಇದು ನ್ಯಾಯಾಧಿಪತಿಯ ಗಮನಕ್ಕೆ ಬಂದಿತು. ಆತನ ಆಜ್ಞೆ ವಿಚಿತ್ರವಾದದ್ದು: ಆ ಕಂತೆಯ ನಡುವೆ ತೂತು ಕೊರೆದು, ಬರೆದವನ ತಲೆಯನ್ನು ಅದರೊಳಗೆ ತೂರಿಸಿ, ಬರಹದ ಮೈ ಹೊರಗೆ ಕಾಣುವಂತೆ ಹೆಗಲಿಗೆ ಇಳಿಬಿಟ್ಟು, ಬೋಳುತಲೆಯಲ್ಲಿ ವೆಸ್ಟ್‌ಮಿನ್ಸ್ಟರ್ ಸಭಾಂಗಣದ ನ್ಯಾಯಾಲಯಗಳ ಮುಂದೆಲ್ಲ ಅವನನ್ನು ಮೆರೆಸಬೇಕು, ಮೇಲೆ ಹತ್ತು ಪೌಂಡು ದಂಡ. ನಮ್ಮ ಕಚೇರಿಗಳಲ್ಲಿ ಈ ಶಿಕ್ಷೆ ಜಾರಿಯಲ್ಲಿದ್ದಿದ್ದರೆ ಕೊರಳಿಗೆ ಕಾಗದ ತೊಡದವರು ಎಷ್ಟು ಮಂದಿ ಉಳಿಯುತ್ತಿದ್ದರೋ!

ಭಾರತದಲ್ಲಿ ಈ ವಿಷಯಕ್ಕೆ ಶಾಸನದ ಬಲ ಬಂದದ್ದು 1872ರ ಸಾಕ್ಷ್ಯ ಅಧಿನಿಯಮದಿಂದ. ಜನರು ನೋಡಲು ಹಕ್ಕುಳ್ಳ ಸಾರ್ವಜನಿಕ ದಾಖಲೆಯ ನಕಲನ್ನು, ಗೊತ್ತಾದ ಶುಲ್ಕ ಕೊಟ್ಟು ಕೇಳಿದವನಿಗೆ, ಅಧಿಕಾರಿಯು ಕೊಡಲೇಬೇಕು. ಅದರ ಕೆಳಗೆ ಇದು ಯಥಾಪ್ರತಿಯೆಂದು ಬರೆದು, ತಾರೀಖು, ರುಜು, ಅಧಿಕಾರನಾಮಗಳನ್ನು ಹಾಕಬೇಕು ಎಂದು ಅದರ 76ನೆಯ ಪ್ರಕರಣ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಇದೇ ವಿಧಿ ಮುಂದುವರಿದಿದೆ. ಹೀಗೆ ನಕಲು ಅನುಗ್ರಹವಾಗಿದ್ದುದು ಹಕ್ಕಾಯಿತು. ಆದರೂ ಹಕ್ಕಿಗೂ ಕೈಗೂ ನಡುವೆ ಗುಮಾಸ್ತನ ಮೇಜು ಇದ್ದೇ ಇತ್ತು.

ಆ ಮೇಜಿನ ಮೇಲೆ ಬಂದ ಯಂತ್ರಗಳನ್ನು ವಿಸ್ತರಿಸಬೇಕಾಗಿಲ್ಲ. 1780ರಲ್ಲಿ ಜೇಮ್ಸ್ ವಾಟ್ ಪತ್ರಗಳನ್ನು ಒತ್ತಿ ಪ್ರತಿ ತೆಗೆಯುವ ಯಂತ್ರಕ್ಕೆ ಸನ್ನದು ಪಡೆದನು. 1806ರಲ್ಲಿ ಕಾರ್ಬನ್ ಕಾಗದ ಬಂದಿತು. ಮುಂದೆ ಬೆರಳಚ್ಚು ಯಂತ್ರ, ಸೈಕ್ಲೋಸ್ಟೈಲು. ಆದರೆ 1959ರಲ್ಲಿ ಅಮೆರಿಕದಲ್ಲಿ ಹೊರಬಂದ ಝೆರಾಕ್ಸ್ 914 ಎಂಬ ಯಂತ್ರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನು ತಿಂಗಳಿಗೆ 95 ಡಾಲರು ಬಾಡಿಗೆಗೆ ಕೊಡುತ್ತಿದ್ದರು. ಮೊದಲ 2,000 ಪ್ರತಿಗಳು ಆ ಬಾಡಿಗೆಯಲ್ಲೇ ಸೇರಿದ್ದುವು. ಮುಂದಿನ ಪ್ರತಿಯೊಂದಕ್ಕೂ ಕೆಲವು ಸೆಂಟು. ಎಣಿಸುವುದಕ್ಕೆ ಯಂತ್ರದೊಳಗೇ ಒಂದು ಮೀಟರು. ಅಕ್ಷರವನ್ನೂ ಪದವನ್ನೂ ಬಿಟ್ಟು ಹಾಳೆಯೇ ಅಳತೆಯಾದದ್ದು ಹೀಗೆ. ವಕೀಲರ ಕಚೇರಿಗಳು ಈ ಎಣಿಕೆಯನ್ನು ಕಕ್ಷಿಗಾರನ ಹೆಸರಿಗೆ ಬರೆದು ಬಿಲ್ಲಿಗೆ ಸೇರಿಸತೊಡಗಿದುವು. ಈ ಸೇರಿಕೆ ಎಷ್ಟು ಲಾಭಕರವಾಯಿತೆಂದರೆ, 1993ರಲ್ಲಿ ಅಮೆರಿಕದ ವಕೀಲರ ಸಂಘವು ಒಂದು ಅಭಿಪ್ರಾಯವನ್ನು ಹೊರಡಿಸಬೇಕಾಯಿತು: ಬೇರೆ ಒಪ್ಪಂದವಿಲ್ಲದಿದ್ದರೆ, ಕಚೇರಿಯೊಳಗೆ ತೆಗೆದ ಪ್ರತಿಗೆ ನಿಜವಾಗಿ ತಗುಲಿದ ವೆಚ್ಚ, ಅದಕ್ಕೆ ನ್ಯಾಯವಾಗಿ ಸೇರುವ ಇತರ ಖರ್ಚು, ಇಷ್ಟನ್ನೇ ಕೇಳಬಹುದು, ವಕೀಲನು ತನ್ನ ವಿದ್ಯೆಯನ್ನು ಮಾರಲಿ, ಕಾಗದದ ವ್ಯಾಪಾರದಲ್ಲಿ ಲಾಭ ಮಾಡಕೂಡದು. ನಾಲ್ಕುನೂರು ವರ್ಷಗಳ ಹಿಂದಿನ ಆ ತೂತುಬಿದ್ದ ಕಂತೆಗೂ ಇದಕ್ಕೂ ನಂಟು ದೂರದ್ದಲ್ಲ.

ಈಗ ತ್ಯಾವಣಿಗೆಯ ರೈತನ ಕಡೆಗೆ ಹಿಂದಿರುಗೋಣ. 1961ರ ಕಾನೂನಿನಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ, ಸಂಬಳದ ಗ್ರಾಮಲೆಕ್ಕಿಗನು ಬಂದನು. ಪುಸ್ತಕ ಮಾತ್ರ ಅವನ ಚೀಲದಲ್ಲೇ ಉಳಿಯಿತು. ಎರಡು ಸಾವಿರದ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ಯೆಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಿತವಾಗಿ ಬರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ವಿಚಾರಿಸಿದಾಗ, ಹಳೆಯ ಕ್ರಮದಲ್ಲಿ ನಕಲು ಪಡೆದವರ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಲಂಚ ತೆತ್ತುದಾಗಿ ಹೇಳಿದರು. ಕಿಟಕಿಯಲ್ಲಿ ಪಡೆದವರಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು. 2005ರ ಮಾಹಿತಿ ಹಕ್ಕಿನ ಕಾನೂನು ಬಂದ ಮೇಲೆ ಇತರ ಸರ್ಕಾರಿ ಕಾಗದಗಳ ನಕಲಿಗೂ ಹಾಳೆಗೆ ಎರಡು ರೂಪಾಯಿಯೆಂಬ ದರ ಗೊತ್ತಾಯಿತು.

ಕಿಟಕಿಯನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಮಾಚಲಾಗದು. ನಕಲಿನ ದರ ಗೋಡೆಯ ಮೇಲೆ ಬಂದಿತು, ನಿಜ. ಮೂಲದಲ್ಲಿ ತಪ್ಪಿದ್ದರೆ ಯಂತ್ರವು ಆ ತಪ್ಪನ್ನೇ ಅಂದವಾಗಿ ಮುದ್ರಿಸುತ್ತದೆ. ತಂದೆ ಸತ್ತ ಮೇಲೆ ಖಾತೆ ತನ್ನ ಹೆಸರಿಗೆ ಬರಬೇಕಾದರೆ, ಅಳತೆಯಲ್ಲಿ ಬಿದ್ದ ಗುಂಟೆಗಳು ಮರಳಿ ಸೇರಬೇಕಾದರೆ, ಆ ರೈತನು ಕಿಟಕಿಯನ್ನು ಬಿಟ್ಟು ಒಳಗಿನ ಮೇಜಿನ ಬಳಿಗೇ ಹೋಗಬೇಕು. ಅಲ್ಲಿ ನಡೆಯುವ ಕೆಲಸವನ್ನು ಹಾಳೆಯಿಂದಲೋ ಅಕ್ಷರದಿಂದಲೋ ಎಣಿಸಲು ಬರುವುದಿಲ್ಲ.