ಜನರಲ್ ರಜಿಸ್ಟರಿನ ಕೊನೆಯ ಕಾಲಂ

ಊರಿನ ಚರಿತ್ರೆ ಬರೆಯಲು ಹೊರಟವರು ಶಾಸನ, ಗುಡಿ, ದರ್ಗಾ, ಕೋಟೆಗಳತ್ತ ಹೋಗುತ್ತಾರೆ. ಊರ ಸರಕಾರಿ ಸಾಲೆಯ ಅಲಮಾರಿ ತೆರೆದು ನೋಡುವವರು ಕಡಿಮೆ. ಅಲ್ಲಿ ರಟ್ಟು ಹರಿದ ಒಂದು ಜನರಲ್ ರಜಿಸ್ಟರ್ ಇರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಕೊನೆಗೆ ಬಿಟ್ಟ ಕಾರಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಬಡವರ ಚರಿತ್ರೆಯನ್ನು ಇಷ್ಟು ಚೊಕ್ಕವಾಗಿ ಬರೆದಿಟ್ಟ ಪುಸ್ತಕ ಇನ್ನೊಂದಿಲ್ಲ. ಹುಟ್ಟಿದ ತಾರೀಖಿನ ಕಾಲಮಿನಲ್ಲಿ ಸಾಲುಸಾಲಾಗಿ ಜೂನ್ 1 ಎಂದೇ ಇರುತ್ತದೆ. ನಮ್ಮದೂ ಅದೇ. ಹುಟ್ಟಿದ ದಿನ ತಾಯಂದಿರಿಗೆ ಗೊತ್ತಿತ್ತು, ಆದರೆ ಅದು ಹಬ್ಬ, ಉರುಸು, ಬರಗಾಲಗಳ ಲೆಕ್ಕದಲ್ಲಿತ್ತು. ಮಾಸ್ತರರು ತಮಗೆ ಅನುಕೂಲವಾದ ತಾರೀಖು ಬರೆದುಕೊಂಡರು.

ಈ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಇಲ್ಲಿಯ ಸಾಲೆಗಳಲ್ಲಿ ಮರಾಠಿಯದೇ ದರ್ಬಾರು. ಕನ್ನಡ ಮಕ್ಕಳಿಗೆ ಕನ್ನಡದಲ್ಲೇ ಪಾಠವಾಗಬೇಕೆಂದು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಮನೆಯ ಮಾತು ಒಂದು, ಸಾಲೆಯ ಮಾತು ಇನ್ನೊಂದು ಎಂಬ ತೊಡಕು ಇಲ್ಲಿ ಮುಸ್ಲಿಮರಿಗೆ ಮಾತ್ರ ಬಂದದ್ದಲ್ಲ ಎಂಬುದನ್ನು ಇದು ನೆನಪಿಸುತ್ತದೆ. 1882ರ ಹಂಟರ್ ಆಯೋಗ ಮುಸ್ಲಿಂ ಮಕ್ಕಳ ಶಿಕ್ಷಣಕ್ಕೆ ವಿಶೇಷ ಉತ್ತೇಜನ ಕೊಡಬೇಕೆಂದು ಹೇಳಿತು. 1923 ಮತ್ತು 1947ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯಿದೆಗಳ ಕಾಲದಲ್ಲಿ ಸಾಲೆಗಳು ಸ್ಥಳೀಯ ಬೋರ್ಡುಗಳ ಕೈಗೆ ಬಂದವು.

ಆ ಹಳೆಯ ಹಳ್ಳಿ ಸಾಲೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರ ಸಾಲೆಯ ಓದು ಮುಲ್ಕಿ ಪರೀಕ್ಷೆಗೇ ನಿಂತಿತು. ಅವರ ಗೆಳೆಯ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಸಾಲೆಯ ಮಾಸ್ತರರು. ಅದೇ ಗುಂಪಿನಲ್ಲಿ ಪಿ. ಧೂಲಾಸಾಹೇಬರೂ ಇದ್ದರು. 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಕನ್ನಡಕ್ಕೆ ಕೊಟ್ಟವರು ಈ ಹಲಸಂಗಿ ಗೆಳೆಯರು. ಒಂದೇ ಮಣ್ಣಿನ ಹಿಂದೂ ಮುಸ್ಲಿಂ ಹುಡುಗರು ಕೂಡಿ ಕನ್ನಡವನ್ನು ಶ್ರೀಮಂತಗೊಳಿಸಿದ್ದು ಹೀಗೆ.

ಈಗ ಒಂದು ಸಣ್ಣ ಸಾಲೆಯ ಹಾಜರಿ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎರಡು ಕೋಣೆ, ಇಬ್ಬರು ಶಿಕ್ಷಕರು. 1987ರ ಆಪರೇಶನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಕನಿಷ್ಠ ಇಷ್ಟಾದರೂ ಇರಲಿ ಎಂದಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ 60 ಮಕ್ಕಳವರೆಗಿನ ಕಿರಿಯ ಸಾಲೆಗೆ ಇಬ್ಬರು ಶಿಕ್ಷಕರೆಂದೇ ಹೇಳುತ್ತದೆ. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ಮೀಟಿಂಗಿಗೆ ಹೋದರೆಂದರೆ ಉಳಿದವರೊಬ್ಬರೇ ಐದೂ ತರಗತಿಗೆ.

ಮಕ್ಕಳು ಯಾರು? ತಾಂಡಾದ ಲಂಬಾಣಿ ಮಕ್ಕಳು ಮನೆಯಲ್ಲಿ ಗೋರ್‌ಬೋಲಿ ಆಡುತ್ತಾರೆ. ನದಾಫರ ಮಕ್ಕಳಲ್ಲಿ ಹಲವರ ಮನೆಮಾತೇ ಕನ್ನಡ. ಬೇರೆ ಮುಸ್ಲಿಂ ಮಕ್ಕಳು ದಖನಿ ಆಡುತ್ತಾರೆ, ಪುಸ್ತಕದ ಉರ್ದು ಅವರಿಗೂ ಅರ್ಧ ಪರಭಾಷೆ. ಗಡಿಯ ಇಂಡಿ ಕಡೆ ಮರಾಠಿ ಮನೆಗಳೂ ಉಂಟು. ಸುಗ್ಗಿ ಮುಗಿದು ಕೆಲಸ ನಿಂತಿತೆಂದರೆ ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೊರಡುತ್ತಾರೆ. ಬಾಗೇವಾಡಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರು ಕೊಲ್ಹಾರದಂಥ ಊರನ್ನೇ ಎಬ್ಬಿಸಿತು.

ಇಂಥ ಸಾಲೆಯ ಫಲಿತಾಂಶವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವುದು ಹೇಗೆ? ನಾಲ್ಕನೆಯ ತರಗತಿಯಲ್ಲಿ ಐದೇ ಮಕ್ಕಳಿದ್ದರೆ, ಒಬ್ಬಳು ತಾಯಿಯ ಜೊತೆ ಗುಳೆ ಹೋದಳೆಂದರೆ ಫಲಿತಾಂಶ ಒಮ್ಮೆಗೇ ಶೇ. 20 ಬಿತ್ತು. ಮರುವರ್ಷ ಆಕೆ ಬಂದು ಪಾಸಾದರೆ ಸಾಲೆ ‘ಸುಧಾರಿಸಿತು’. ಮಾಸ್ತರರು ಎರಡೂ ವರ್ಷ ಅವರೇ, ಪಾಠವೂ ಅದೇ.

ಹಾಗೆಂದು ಅಳೆಯುವುದೇ ಬೇಡವೆಂದಲ್ಲ. 2002ರಲ್ಲಿ ವಿಜಾಪುರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರಕಾರದ ಜೊತೆಗೂಡಿ ‘ಕಲಿಕಾ ಖಾತರಿ’ ಕಾರ್ಯಕ್ರಮ ನಡೆಸಿತು. ಸಾಲೆಗಳು ತಾವಾಗಿಯೇ ಮುಂದೆ ಬಂದು ದಾಖಲಾತಿ, ಹಾಜರಿ, ಕಲಿಕೆ ಮೂರರಲ್ಲೂ ಪರೀಕ್ಷೆಗೆ ಒಡ್ಡಿಕೊಳ್ಳಬೇಕಿತ್ತು. ಮೊದಲ ಸುತ್ತಿನಲ್ಲಿ ಬಹುಮಾನಕ್ಕೆ ಮುಟ್ಟಿದವು ಬೆರಳೆಣಿಕೆಯಷ್ಟು. ದಾಖಲಾತಿ ಬೇರೆ, ಕಲಿಕೆ ಬೇರೆ ಎಂಬುದು ಆಗ ಎಲ್ಲರಿಗೂ ಸ್ಪಷ್ಟವಾಯಿತು. ಅದೇ ವರ್ಷ ಇವೇ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು. 2011ರ ಜನಗಣತಿಯಲ್ಲೂ ಜಿಲ್ಲೆಯ ಸಾಕ್ಷರತೆ ಶೇ. 67ರ ಆಸುಪಾಸು ನಿಂತಿತು. ರಾಜ್ಯದ್ದು ಶೇ. 75. ಹೆಣ್ಣುಮಕ್ಕಳದು ಗಂಡಸರಿಗಿಂತ ಸುಮಾರು 20 ಅಂಶ ಹಿಂದೆ.

ಮುಸ್ಲಿಂ ಮಕ್ಕಳ ಹಿಂದುಳಿಯುವಿಕೆಗೆ ಮದರಸಾಗಳೇ ಕಾರಣವೆಂಬ ಮಾತು ಬಹಳ ಸಲ ಕೇಳಿದ್ದೇವೆ. 2006ರ ಸಾಚಾರ್ ವರದಿ ಅದನ್ನು ಸುಳ್ಳು ಮಾಡಿತು. ಸಾಲೆಯ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು ಶೇ. 3ರಿಂದ 4 ಮಾತ್ರ. ಉಳಿದವರ ಪ್ರಶ್ನೆ ಇರುವುದು ಸಾಮಾನ್ಯ ಸಾಲೆಯಲ್ಲೇ, ಅದರಲ್ಲೂ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ.

ಆ ಜಾಗದಲ್ಲಿ ನಾವೂ ಎಡವಿದ್ದೇವೆ. ಉರ್ದು ಸಾಲೆ ಮುಗಿಸಿ ಕನ್ನಡ ಸಾಲೆಗೆ ಸೇರಿದ ವರ್ಷ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದೆವು. ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ‘ಭಾಗಾಕಾರ’ವೆಂದರೆ ನಾವು ಕಲಿತ ‘ತಕ್ಸೀಮ್’ ಎಂದು ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂಡುತ್ತಿದ್ದ ಗೌಡರ ಹುಡುಗ ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅದನ್ನು ತಿಳಿಸಿದ. ಮುಂದಿನ ಪರೀಕ್ಷೆಯಲ್ಲಿ ಪಾಸಾದೆವು. ನಮ್ಮ ಜೊತೆಗೇ ಉರ್ದು ಸಾಲೆ ಮುಗಿಸಿದ, ಲೆಕ್ಕದಲ್ಲಿ ನಮಗಿಂತ ಚುರುಕಾಗಿದ್ದ ಹುಡುಗಿ ಕನ್ನಡ ಸಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಸಾಲೆ ಪರ ಓಣಿಯಲ್ಲಿತ್ತು, ಮನೆಯಲ್ಲಿ ತಮ್ಮಂದಿರಿದ್ದರು.

2011ರ ಸುಮಾರಿಗೆ ರಾಜ್ಯದಲ್ಲಿ ಮಕ್ಕಳು ಕಡಿಮೆಯಿರುವ ಸಾಲೆಗಳನ್ನು ಹತ್ತಿರದ ಸಾಲೆಗೆ ಸೇರಿಸುವ ಮಾತು ಜೋರಾಗಿತ್ತು. ಆ ಮಾತು ಆಗಾಗ ತಲೆಯೆತ್ತುತ್ತಲೇ ಇರುತ್ತದೆ. ಲೆಕ್ಕಪತ್ರದಲ್ಲಿ ಎರಡು ಕಿಲೋಮೀಟರು ದೊಡ್ಡದಲ್ಲ. ಆದರೆ ಮೇಲೆ ಹೇಳಿದ ಹುಡುಗಿಗೆ ಒಂದು ಓಣಿಯೇ ದೂರವಾಗಿತ್ತು. ಸಾಲೆ ಮುಚ್ಚಿದ ದಿನ ಗಂಡುಹುಡುಗ ಸೈಕಲ್ ಹತ್ತುತ್ತಾನೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ.

2001ರಿಂದ ಪ್ರತಿ ಸರಕಾರಿ ಸಾಲೆಗೂ ಪಾಲಕರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಫಲಿತಾಂಶ ಕೇಳುವ ಹಕ್ಕು ನಮಗಿದೆ. ಕೇಳುವಾಗ ಎಷ್ಟು ಮಂದಿ ಪಾಸಾದರು ಎಂಬುದಕ್ಕೇ ನಿಲ್ಲದಿರೋಣ. ರಜಿಸ್ಟರಿನ ಕೊನೆಯ ಕಾಲಮನ್ನೂ ಓದೋಣ. ಅಲ್ಲಿ ‘ಸತತ ಗೈರುಹಾಜರಿ’ ಎಂದು ಬರೆದಿದ್ದರೆ, ಆ ಮಗು ಎಲ್ಲಿಗೆ ಹೋಯಿತು ಎಂದು ಅದರ ಮನೆಯ ತನಕ ಹೋಗಿ ಕೇಳೋಣ. ಅದು ಯಾರ ಮನೆಯ ಮಗುವಾದರೂ ಸರಿ.