ಸುಳ್ಳು ಬೇಡಿಕೆಯೂ ದಾನಿಯ ಧರ್ಮವೂ

ದಾನಧರ್ಮಗಳು ಆಳವಾಗಿ ಬೇರೂರಿದ ಸಮಾಜದಲ್ಲಿಯೇ ದಾನದ ಹೆಸರಿನ ವಂಚನೆಗೂ ಎಡೆ ದೊರೆಯುತ್ತದೆ. ಯೆಹೂದ್ಯರ ಧರ್ಮಗುರುಗಳಾದ ರಬ್ಬಿಗಳು ಈ ತೊಡಕನ್ನು ಬಹು ಹಿಂದೆಯೇ ಚರ್ಚಿಸಿದ್ದರು. ಕ್ರಿ.ಶ. 3ನೆಯ ಶತಮಾನದಲ್ಲಿ ಬ್ಯಾಬಿಲೋನಿಯದಲ್ಲಿದ್ದ ಹೂನಾ ಮತ್ತು ಯೆಹೂದಾ ಎಂಬ ಪಂಡಿತರ ವಾದವು ತಾಲ್ಮುದ್ ಗ್ರಂಥದಲ್ಲಿ ಉಳಿದುಬಂದಿದೆ. ಅನ್ನ ಬೇಡುವವನನ್ನು ವಿಚಾರಿಸಬೇಕು, ಬಟ್ಟೆ ಬೇಡುವವನನ್ನು ವಿಚಾರಿಸಬಾರದು, ಏಕೆಂದರೆ ಮೈಮುಚ್ಚಲಿಲ್ಲದವನ ಅವಮಾನ ದೊಡ್ಡದು ಎಂಬುದು ಹೂನಾನ ಪಕ್ಷ. ಯೆಹೂದಾನ ಪಕ್ಷ ಇದಕ್ಕೆ ವಿರುದ್ಧ: ಬಟ್ಟೆಗೆ ವಿಚಾರಣೆ ನಡೆಯಲಿ, ಆದರೆ ಹಸಿವು ವಿಚಾರಣೆ ಮುಗಿಯುವವರೆಗೆ ಕಾಯದು. ಕಡೆಗೆ ಯೆಹೂದಾನ ಮತವೇ ವಿಧಿಯಾಯಿತು. ಪಾತ್ರದತ್ತಿಯನ್ನೂ ದಯಾದತ್ತಿಯನ್ನೂ ಬೇರೆಬೇರೆಯಾಗಿ ಎಣಿಸುವ ಶ್ರಾವಕರಿಗೆ ಈ ತರ್ಕ ಅಪರಿಚಿತವೆನಿಸದು.

ಅದೇ ಗ್ರಂಥದ ಇನ್ನೊಂದು ಪ್ರಸಂಗವು ಹೆಚ್ಚು ಯೋಚನೆಗೆ ಹಚ್ಚುತ್ತದೆ. ರಬ್ಬಿ ಹನೀನಾ ಪ್ರತಿ ಶುಕ್ರವಾರ ಒಬ್ಬ ಬಡವನಿಗೆ 4 ಜೂಜ್ ನಾಣ್ಯಗಳನ್ನು ಕಳುಹಿಸುತ್ತಿದ್ದನು. ಒಮ್ಮೆ ಹಣ ಕೊಂಡೊಯ್ದ ಅವನ ಪತ್ನಿಗೆ, ಊಟಕ್ಕೆ ಬೆಳ್ಳಿಯ ವಸ್ತ್ರ ಹಾಸಲೋ ಚಿನ್ನದ ವಸ್ತ್ರ ಹಾಸಲೋ ಎಂದು ಆ ಬಡವನನ್ನು ಮನೆಯವರು ಕೇಳುತ್ತಿದ್ದುದು ಕಿವಿಗೆ ಬಿತ್ತು! ಹನೀನಾ ಸಿಟ್ಟಾಗಲಿಲ್ಲ. ರಬ್ಬಿ ಎಲಿಯಾಜರನ ಮಾತೊಂದನ್ನು ನೆನೆದನು: ವಂಚಕರಿಗೆ ನಾವು ಋಣಿಗಳು, ಅವರಿಲ್ಲದಿದ್ದರೆ ಪ್ರತಿ ನಿರಾಕರಣೆಯೂ ನಮ್ಮ ಪಾಪವೇ ಆಗುತ್ತಿತ್ತು ಎಂಬುದು ಅದರ ಭಾವ. ಕೆಲವರಿಗೆ ಇದು ವ್ಯಂಗ್ಯವೆನಿಸಬಹುದು. ನನಗಂತೂ ದಾನಿಯ ಆತ್ಮಪರೀಕ್ಷೆಯೇ ಕಾಣುತ್ತದೆ.

ಆದರೆ ಸಾರ್ವಜನಿಕ ನಿಧಿಯ ವಿಷಯದಲ್ಲಿ ಅವರಿಗೆ ಇಂಥ ಉದಾರತೆ ಇರಲಿಲ್ಲ. ಸಂಗ್ರಹಕ್ಕೆ ಇಬ್ಬರು, ಹಂಚಿಕೆಗೆ ಮೂವರು ಬೇಕೆಂದು ನಿಯಮವಿತ್ತು. ಸಂಗ್ರಾಹಕನಿಗೆ ಬೀದಿಯಲ್ಲಿ ಸ್ವಂತಕ್ಕೆ ನಾಣ್ಯವೊಂದು ಸಿಕ್ಕರೂ ಅದನ್ನು ತನ್ನ ಚೀಲಕ್ಕೆ ಹಾಕುವಂತಿರಲಿಲ್ಲ. ದಾನದ ಚೀಲಕ್ಕೆ ಹಾಕಿ, ಮನೆಗೆ ಬಂದ ಮೇಲೆ ತೆಗೆದುಕೊಳ್ಳಬೇಕಿತ್ತು. ನೋಡುವವರಿಗೆ ಸಂಶಯ ಹುಟ್ಟಬಾರದಲ್ಲವೆ?

ಮುಂದಿನ ಶತಮಾನಗಳಲ್ಲಿ ಜೆರುಸಲೇಮ್, ಹೆಬ್ರೋನ್, ಸಫೇದ್, ಟೈಬೀರಿಯಸ್ ಊರುಗಳ ಬಡವರಿಗಾಗಿ ದೂತರು ದೇಶದೇಶಗಳಲ್ಲಿ ಸಂಚರಿಸಿ ಹಣ ಕೂಡಿಸಿದರು. ಅವರ ಕೈಯಲ್ಲಿ ಮುದ್ರೆ, ರುಜುಗಳಿದ್ದ ಅಧಿಕಾರಪತ್ರವಿರುತ್ತಿತ್ತು. ಅಂಥ ಪತ್ರಗಳನ್ನು ಕೃತ್ರಿಮವಾಗಿ ಸೃಷ್ಟಿಸಿದವರೂ ಇದ್ದುದರಿಂದ ಪೆಟ್ಟು ಬಿದ್ದುದು ಸಜ್ಜನರಿಗೆ. 1753ರಲ್ಲಿ ಹೆಬ್ರೋನಿನ ಪರವಾಗಿ ಯೂರೋಪಿಗೆ ಹೊರಟ ಹಾಯಿಮ್ ಯೋಸೆಫ್ ದಾವಿದ್ ಅಜುಲಾಯಿ ಮಹಾವಿದ್ವಾಂಸನಾಗಿದ್ದರೂ ಶಂಕೆಯನ್ನೂ ಅನಾದರವನ್ನೂ ಎದುರಿಸಬೇಕಾಯಿತೆಂದು ಅವನ ಪ್ರವಾಸ ದಿನಚರಿಯೇ ತಿಳಿಸುತ್ತದೆ. 1809ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ಥಾಪಿತವಾದ ಸಮಿತಿಯೊಂದು ಹಣವನ್ನು ತಾನೇ ಸಂಗ್ರಹಿಸಿ ನೇರವಾಗಿ ಕಳುಹಿಸತೊಡಗಿತು. ಆದರೂ ದೂತರ ಸಂಚಾರವು ಪೂರ್ಣವಾಗಿ ನಿಲ್ಲಲಿಲ್ಲ.