ಗೋವಿನ ಹಾಡಿನ ಚಿತ್ರಗಳೂ ಕಥಾಭೂಮಿಯೂ

ಪುಣ್ಯಕೋಟಿಯ ಕಥೆಯನ್ನು ಮಕ್ಕಳಿಗಾಗಿ ಚಿತ್ರಪುಸ್ತಕವನ್ನಾಗಿ ಮಾಡುವವರು ಕಡೆಯ ಪುಟದಲ್ಲಿ ಹುಲಿಯು ಕಡಿದಾದ ಬಂಡೆಯಿಂದ ಪ್ರಪಾತಕ್ಕೆ ಬೀಳುವಂತೆ ಬರೆಯುವುದುಂಟು. ಗದ್ಯದ ಮರುಕಥನಗಳಲ್ಲಿಯೂ ಈ ಮಾತು ರೂಢವಾಗಿದೆ. ಆದರೆ ಗೋವಿನ ಹಾಡಿನ ಪ್ರಸಿದ್ಧವಾದ ಪಾಠದಲ್ಲಿ ಪ್ರಪಾತವೆಂಬುದೇ ಇಲ್ಲ. ಹುಲಿಯು ಮೂರು ಮೂರ್ತಿಗಳಿಗೆ ಕೈಮುಗಿದು, ಎಂಟು ದಿಕ್ಕುಗಳನ್ನೂ ನೋಡಿ, ಆಕಾಶಕ್ಕೆ ನೆಗೆದು ಪ್ರಾಣವನ್ನು ಬಿಡುತ್ತದೆ. ಅದರ ವಾಸವಾದರೋ ಬೆಟ್ಟದ ತಲೆಯಲ್ಲಲ್ಲ, ಬೆಟ್ಟದಡಿಯ ‘ಕಿಬ್ಬಿ’ಯಲ್ಲಿ. ಗೋವು ಹಿಂದಿರುಗಿ ಬಂದು ನಿಲ್ಲುವುದೂ ಗವಿಯ ಬಾಗಿಲಲ್ಲಿಯೇ. ಹೀಗಿರಲು ಬೀಳುವುದಕ್ಕೆ ಎತ್ತರವೆಲ್ಲಿಯದು? ಕೆಳಗೆ ಬೀಳುವ ಹುಲಿಯನ್ನು ಕಂಡ ಮಗುವು ಅದನ್ನು ದಂಡನೆಯೆಂದೇ ತಿಳಿಯುವುದು. ಮೇಲಕ್ಕೆ ನೆಗೆಯುವ ಹುಲಿಯಲ್ಲಿ ಕವಿಯು ಕಂಡುದು ಸದ್ಗತಿಯನ್ನು.

ಈ ಭೇದವು ಅಲ್ಪವಾದುದಲ್ಲವೆಂಬುದು ಸಂಸ್ಕೃತಮೂಲಗಳೊಡನೆ ಹೋಲಿಸಿದಾಗ ವಿಶದವಾಗುತ್ತದೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಗೋವಿನ ಹೆಸರು ನಂದಾ. ಅಲ್ಲಿಯ ಹುಲಿಯು ಪ್ರಭಂಜನನೆಂಬ ಅರಸು. ಮರಿಗೆ ಮೊಲೆಯೂಡುತ್ತಿದ್ದ ಹುಲ್ಲೆಯನ್ನು ಎಚ್ಚು ಶಾಪಗ್ರಸ್ತನಾದವನು. ನಂದೆಯ ಸಂವಾದದಿಂದ ಶಾಪವು ಕಳೆದು ಆತನು ನಿಜರೂಪವನ್ನು ಪಡೆಯುತ್ತಾನೆ. ಕಥೆಯ ನೆಲೆಯು ಸರಸ್ವತೀತೀರ. ಕನ್ನಡದ ಕವಿಯು ಶಾಪವನ್ನೂ ಅರಸನನ್ನೂ ಬಿಟ್ಟು, ಕಥೆಯನ್ನು ಕರ್ಣಾಟದೇಶಕ್ಕೆ ತಂದು, ಅರ್ಭುತನನ್ನು ಹುಟ್ಟುಹುಲಿಯನ್ನಾಗಿಯೇ ಉಳಿಸಿದ್ದಾನೆ. ಶಾಪವಿಲ್ಲದ ಮೇಲೆ ವಿಮೋಚನೆಗೆ ಬೇರೆ ದಾರಿ ಬೇಕಾಯಿತು. ಏಳು ದಿನ ಹಸಿದಿದ್ದ ಮೃಗವು ತಾನಾಗಿಯೇ ಗೋವನ್ನು ಒಡಹುಟ್ಟಿದವಳೆಂದು ಕರೆಯುವುದು ಆ ದಾರಿ. ಚಿತ್ರಕಾರನು ಬಂಡೆಯ ಅಂಚನ್ನು ಸೇರಿಸಿದೊಡನೆ ಇದು ಮರೆಯಾಗುತ್ತದೆ.

ಗೊಲ್ಲನ ವಿಷಯದಲ್ಲಿಯೂ ಇಂತಹುದೇ ಒಂದು ಸ್ಖಲನವುಂಟು. ಮಾವಿನ ಮರ, ಕೊಳಲು, ಹಸುಗಳು ಎಂದೊಡನೆ ಕುಂಚವು ನವಿಲುಗರಿಯತ್ತ ಹರಿದು ಕಾಳಿಂಗನು ಬೃಂದಾವನದ ಕೃಷ್ಣನಾಗಿಬಿಡುತ್ತಾನೆ. ಕವಿಯು ಗರಿಯನ್ನು ಹೇಳಿಲ್ಲ. ಬೆಳಗಿನ ನದೀಸ್ನಾನ, ಹಣೆಯ ತಿಲಕ, ಅಂದವಾಗಿ ಹಾಕಿದ ಶಿಖೆ ಇಷ್ಟನ್ನು ಹೇಳಿದ್ದಾನೆ. ಚಿತ್ರಕ್ಕೆ ಇದು ಸಾಲದೆ? ವಿಸ್ತೃತ ಪಾಠದ ಕೊನೆಯಲ್ಲಿ ಗೋವು ತನ್ನ ವಂಶದವರೂ ಗೊಲ್ಲನ ವಂಶದವರೂ ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಲೆಂದು ಕೇಳಿಕೊಳ್ಳುತ್ತದೆ. ಭಜಿಸತಕ್ಕವನೇ ಭಜನೀಯನಾದರೆ ಆ ಪದ್ಯಕ್ಕೆ ಅರ್ಥವೇನು?

ಕವಿಯು ಊರನ್ನು ಹೆಸರಿಸಿಲ್ಲವಾದುದರಿಂದ ಭೂದೃಶ್ಯದಲ್ಲಿ ಚಿತ್ರಕಾರನಿಗೆ ಸ್ವಾತಂತ್ರ್ಯವಿದ್ದೇ ಇದೆ. ಬೆಂಗಳೂರಿನವನಾದರೆ ದೂರ ಹುಡುಕಬೇಕಾಗಿಲ್ಲ. ನಗರದ ಪಶ್ಚಿಮಕ್ಕೆ ಮಾಗಡಿಯ ದಾರಿಯಲ್ಲಿ ಗೊಲ್ಲರಹಟ್ಟಿಯೆಂಬ ಹೆಸರೇ ನಿಂತಿದೆ. ಹಟ್ಟಿಯು ಈಗ ಬಡಾವಣೆಯಾಗಿದೆ, ಹೆಸರು ಅಳಿದಿಲ್ಲ. ಇನ್ನೂ ಮುಂದೆ ಸಾವನದುರ್ಗದ ಕರಿಗಲ್ಲು, ಅದರಡಿಯ ಕುರುಚಲು ಕಾಡು, ಸಮೀಪದಲ್ಲಿ ಅರ್ಕಾವತಿ. ದೊಡ್ಡಿಯನ್ನು ಬರೆಯುವುದಕ್ಕೆ ತುಮಕೂರು, ಚಿತ್ರದುರ್ಗಗಳ ಕಡೆಯ ಕಾಡುಗೊಲ್ಲರ ಹಟ್ಟಿಗಳನ್ನು ನೋಡಬಹುದು. ಹಟ್ಟಿಯ ಸುತ್ತ ಮುಳ್ಳುಬೇಲಿ ಹಾಕುವುದು ಅವರ ಸಂಪ್ರದಾಯ. ಕರುವನ್ನು ಬಿಟ್ಟು ಗೋವು ದಾಟುವುದು ಅಂತಹ ಬೇಲಿಯ ಬಾಗಿಲನ್ನೇ ಆದರೆ, ಒಳಗೆ ಅಭಯ, ಹೊರಗೆ ಮಲೆ ಎಂಬುದು ಒಂದು ಗೆರೆಯಲ್ಲಿ ಕಾಣುತ್ತದೆ.